ಸಾರಿನ ತಿಳಿಯಲ್ಲಿ ಪ್ರೋಟೀನ್ ಹುಡುಕಬೇಡಿ

ಮಾನ್ಯರೇ,

ಸಸ್ಯಾಹಾರಿಗಳು ಪ್ರೋಟೀನ್ ಪುಡಿ ಕುಡಿಯಲೇಬೇಕು ಎಂಬ ಮಾತು ಈಗ ಎಲ್ಲೆಲ್ಲೂ ಕೇಳುತ್ತಿದೆ. ಪುಡಿಯ ಡಬ್ಬಿಗೆ ದುಡ್ಡು ಸುರಿಯುವ ಮೊದಲು ಸಾರಿನ ಪಾತ್ರೆಗೆ ಸೌಟು ಇಳಿಸಿ ನೋಡಿ. ನಾಲ್ಕು ಜನರ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕಿದರೆ ತಲೆಗೆ 25 ಗ್ರಾಂ ಬೇಳೆ, ಅಂದರೆ ಐದೂವರೆ ಗ್ರಾಂ ಪ್ರೋಟೀನ್. ಅದೂ ತಳದಿಂದ ಕದಡಿ ಬಡಿಸಿದರೆ ಮಾತ್ರ. ಮೇಲಿನ ತಿಳಿಯಲ್ಲಿ ಬರುವುದು ಹುಳಿ, ಖಾರ, ಒಗ್ಗರಣೆ ಅಷ್ಟೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಲೆಕ್ಕ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಧಾನ್ಯದಲ್ಲಿ ಲೈಸಿನ್ (ದೇಹ ತಾನೇ ತಯಾರಿಸಿಕೊಳ್ಳಲಾಗದ, ಪ್ರೋಟೀನಿನ ಒಂದು ಘಟಕ) ಕಡಿಮೆಯಾದ್ದರಿಂದ ಅನ್ನ, ಮುದ್ದೆ ಹೆಚ್ಚು ತಿನ್ನುವವರು ಕಿಲೋಗೆ 1 ಗ್ರಾಂ ಇಟ್ಟುಕೊಳ್ಳುವುದು ಕ್ಷೇಮ. 55 ಕಿಲೋ ತೂಕದವರಿಗೆ 55 ಗ್ರಾಂ ಬೇಕು. 200 ಗ್ರಾಂ ಅಕ್ಕಿ, 100 ಗ್ರಾಂ ರಾಗಿಹಿಟ್ಟಿನಿಂದ ಸುಮಾರು 22, ಹಾಲು-ಮೊಸರು 300 ಮಿಲಿಯಿಂದ 9. ಉಳಿದ 24 ಗ್ರಾಂಗೆ 85 ಗ್ರಾಂ ಬೇಳೆಕಾಳು ಮತ್ತು 20 ಗ್ರಾಂ ಕಡಲೆಬೀಜ ಸಾಕು. ಲೈಸಿನ್ ಕೊರತೆಯನ್ನೂ ಬೇಳೆಕಾಳೇ ತುಂಬುತ್ತದೆ. ಬೆಳಿಗ್ಗೆ ಎಣಿಸಿ ತಿನ್ನುವ ಐದು ಬಾದಾಮಿಯಲ್ಲಿ ಸಿಗುವುದು ಒಂದೂಕಾಲು ಗ್ರಾಂ!

ಬಸ್ಸಾರಿನಲ್ಲೂ ಇದೇ ಎಡವಟ್ಟು. ಬಸಿದ ಕಟ್ಟನ್ನು ಹೊಟ್ಟೆ ತುಂಬ ಉಣ್ಣುತ್ತೇವೆ, ಕಾಳಿನ ಪಲ್ಯ ಮಾತ್ರ ಒಂದು ಚಮಚ. ಪ್ರೋಟೀನಿನ ಬಹುಪಾಲು ಉಳಿದಿರುವುದು ಆ ಪಲ್ಯದಲ್ಲೇ. ಮೊಳಕೆ ಬಂದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎಂಬುದೂ ತಪ್ಪು. ಉಬ್ಬುವುದು ನೀರಿನಿಂದ, ಹಾಗಾಗಿ ಕಾಳನ್ನು ನೆನೆಸುವ ಮುಂಚೆಯೇ ತೂಗಬೇಕು.

ವಾಯು ಎಂದು ಕಾಳು ಬಿಟ್ಟವರು 8ರಿಂದ 10 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಮೆದುವಾಗುವಷ್ಟು ಬೇಯಿಸಲಿ. ಮೊದಲ ವಾರ ಅರ್ಧ ಹಿಡಿ ಸಾಕು. ಹುಣಸೆಹಣ್ಣು, ಟೊಮೆಟೊ ಬೆಂದ ಮೇಲೆಯೇ ಹಾಕಬೇಕು, ಹುಳಿ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಬೋರ್‌ವೆಲ್‌ನ ಗಡಸು ನೀರಿನದೂ ಅದೇ ತಂಟೆ. ಇನ್ನು ಚಟ್ನಿಗೆ ಅರ್ಧ ತೆಂಗಿನಕಾಯಿ ಬದಲು ಹುರಿಗಡಲೆ ಅಥವಾ ಶೇಂಗಾ ಹಾಕಿದರೆ ಖರ್ಚೂ ಇಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರಮಾಣ ಏರಿಸಬಾರದು.

ಪತ್ರಿಕೆಯ ಅಡುಗೆ ಅಂಕಣಕ್ಕೆ ಒಂದು ವಿನಂತಿ: ‘ಬೇಳೆ ಒಂದು ಕಪ್’ ಎಂದು ಬಿಡದೆ, ಎಷ್ಟು ಗ್ರಾಂ, ಎಷ್ಟು ಜನಕ್ಕೆ ಎಂದೂ ಮುದ್ರಿಸಿ.

– ಆಹಾರ ವಿಜ್ಞಾನ ಉಪನ್ಯಾಸಕರು, ತುಮಕೂರು