ಹಾರ್ಡ್ ಡಿಸ್ಕ್ ಇರುವ ಸಿಸ್ಟಂಗೆ ಇನ್ನು ಬರೀ ಫಾರ್ಮ್ಯಾಟ್ ಮಾಡುವುದಿಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಒಂದು ಕೆಲಸ ನಿಲ್ಲಿಸುತ್ತಿದ್ದೇವೆ. ‘ಸಿಸ್ಟಂ ಸ್ಲೋ ಆಗಿದೆ, ಒಂದ್ಸಲ ಫಾರ್ಮ್ಯಾಟ್ ಮಾಡಿಕೊಡಿ’ ಎಂದು ತಂದ ಕಂಪ್ಯೂಟರಿನಲ್ಲಿ ಹಳೇ ಹಾರ್ಡ್ ಡಿಸ್ಕೇ ಇದ್ದರೆ, ಬರೀ ಫಾರ್ಮ್ಯಾಟ್ ಮಾಡಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೊದಲು ಡಿಸ್ಕ್ ಪರೀಕ್ಷಿಸಿ, ಅದರ ಸ್ಥಿತಿಯನ್ನು ನಿಮ್ಮೆದುರೇ ಪರದೆಯ ಮೇಲೆ ತೋರಿಸುತ್ತೇವೆ. ಅದಕ್ಕೆ ಕಾಸಿಲ್ಲ. ಆಮೇಲೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್) ಹಾಕಿಸುವುದೋ, ಹಾಗೇ ಮನೆಗೆ ಒಯ್ಯುವುದೋ ನಿಮಗೆ ಬಿಟ್ಟದ್ದು.

ಈ ಬುದ್ಧಿ ಬಂದದ್ದು ದೀಪಾವಳಿ ಹೊತ್ತಿಗೆ ಹಳೇ ಬಿಲ್ ಬುಕ್ ತಿರುವಿ ಹಾಕುವಾಗ. ಒಂದೇ ಲ್ಯಾಪ್‌ಟಾಪ್ ಎರಡು ವರ್ಷದಲ್ಲಿ ನಾಲ್ಕು ಸಲ ಫಾರ್ಮ್ಯಾಟಿಗೆ ಬಂದಿತ್ತು, ಸಲಕ್ಕೆ ₹500ರಂತೆ. ಪ್ರತಿ ಸಲವೂ ತಿಂಗಳೊಪ್ಪತ್ತು ಚುರುಕಾಗಿ ಓಡಿ ಮತ್ತೆ ಮಲಗಿದೆ. ಆ ದುಡ್ಡಿಗೆ ಒಂದು ಎಸ್‌ಎಸ್‌ಡಿಯೇ ಬರುತ್ತಿತ್ತು. ಗ್ರಾಹಕರು ಕೇಳಿದ್ದನ್ನು ಮಾಡಿಕೊಟ್ಟೆವು ಅನ್ನಬಹುದು, ಆದರೆ ರೋಗ ಎಲ್ಲಿದೆಯೆಂದು ನಮಗೆ ಗೊತ್ತಿತ್ತು.

ಹಾರ್ಡ್ ಡಿಸ್ಕ್ ಒಳಗೆ ಗಿರಗಿರನೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಓಡಾಡುವ ಒಂದು ಹೆಡ್ ಇದೆ. ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ದೊಡ್ಡ ಸಿನಿಮಾ ಫೈಲ್ ಒಂದನ್ನು ಕಾಪಿ ಮಾಡಲು ಇದರಿಂದ ತೊಂದರೆಯಿಲ್ಲ. ಆದರೆ ವಿಂಡೋಸ್ ಶುರುವಾಗುವಾಗ ಬೇಕಾಗುವುದು ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ಫೈಲುಗಳು. ಪ್ರತಿಯೊಂದಕ್ಕೂ ಹೆಡ್ ಸರಿಯಬೇಕು, ತಟ್ಟೆ ತಿರುಗಿ ಬರಬೇಕು. ಒಗ್ಗರಣೆಯ ಒಂದೊಂದು ಸಾಸಿವೆ ಕಾಳಿಗೂ ಉಗ್ರಾಣಕ್ಕೆ ಹೋಗಿಬಂದ ಹಾಗೆ! ಹೀಗಾಗಿ ಸೆಕೆಂಡಿಗೆ ನೂರು ತುಣುಕು ಓದುವಷ್ಟರಲ್ಲಿ ಅದಕ್ಕೆ ಏದುಸಿರು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅಷ್ಟೇ ಹೊತ್ತಿನಲ್ಲಿ ಸಾವಿರಾರು ತುಣುಕು ಓದುತ್ತದೆ.

ನೀವೇ ಮನೆಯಲ್ಲಿ ನೋಡಬಹುದು. ಸಿಸ್ಟಂ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಹತ್ತು ನಿಮಿಷವಾದರೂ ಡಿಸ್ಕ್ 100% ಅನ್ನುವುದು ಇಳಿಯದೆ, ಸಿಪಿಯು ಮಾತ್ರ ಆರಾಮಾಗಿ ಕೂತಿದ್ದರೆ ಅಡ್ಡಿ ಎಲ್ಲಿದೆಯೆಂದು ಹೆಚ್ಚುಕಮ್ಮಿ ಗೊತ್ತಾಯಿತು. (ರ‍್ಯಾಮ್ 2 ಜಿಬಿ ಮಾತ್ರ ಇದ್ದರೂ ಹೀಗಾಗುತ್ತದೆ, ಅದನ್ನೂ ನೋಡಿ ಹೇಳುತ್ತೇವೆ.)

ಇನ್ನೊಂದು ಬದಲಾವಣೆ ಹಳೇ ಡಿಸ್ಕಿನದು. ಇಷ್ಟು ದಿನ ಅದನ್ನು ಎಕ್ಸ್‌ಚೇಂಜ್ ಎಂದು ಇಟ್ಟುಕೊಂಡು ಬಿಲ್ಲಿನಲ್ಲಿ ಸ್ವಲ್ಪ ಕಳೆಯುತ್ತಿದ್ದೆವು. ಇನ್ನು ಅದು ಬೇಡ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದ ಹಾಗಷ್ಟೇ, ಒಳಗಿನ ಪುಟಗಳು ಅಲ್ಲೇ ಇರುತ್ತವೆ. ನಿಮ್ಮ ಆಧಾರ್ ಸ್ಕ್ಯಾನ್, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅದರಲ್ಲಿದ್ದಾವು. ಹಾಗಾಗಿ ಹೆಸರು ಬರೆದ ಕವರಿನಲ್ಲಿ ನಿಮ್ಮ ಕೈಗೇ ವಾಪಸ್. ಆರೋಗ್ಯವಾಗಿದ್ದರೆ ಯುಎಸ್‌ಬಿ ಕೇಸಿಗೆ ಹಾಕಿಕೊಟ್ಟು ಬ್ಯಾಕಪ್ಪಿಗೆ ಬಳಸುವ ಹಾಗೆ ಮಾಡುತ್ತೇವೆ. ಬ್ಯಾಡ್ ಸೆಕ್ಟರ್ (ಓದಲು, ಬರೆಯಲು ಆಗದಂತೆ ಕೆಟ್ಟ ಜಾಗ) ಬಂದಿದ್ದರೆ ಅದನ್ನು ನಂಬಬೇಡಿ.

ಎಸ್‌ಎಸ್‌ಡಿಯನ್ನೂ ಕಣ್ಮುಚ್ಚಿ ನಂಬುವಂತಿಲ್ಲ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಎಷ್ಟೋ ಸಲ ಟಕ್ ಟಕ್ ಎಂದು ಸದ್ದು ಮಾಡಿ ಹೇಳುತ್ತದೆ. ಎಸ್‌ಎಸ್‌ಡಿ ನಿನ್ನೆ ಇತ್ತು, ಇವತ್ತು ಇಲ್ಲ ಅನ್ನುವ ಜಾತಿ. ಮೇಲಾಗಿ ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗನೆ ತೆರವು ಮಾಡುವುದರಿಂದ, ಡಿಲೀಟ್ ಆದದ್ದನ್ನು ಮತ್ತೆ ತೆಗೆದುಕೊಡುವುದು ಬಹುತೇಕ ಆಗದ ಮಾತು. ಫೋಟೋ ಸ್ಟುಡಿಯೋದವರು ಇದನ್ನು ಎರಡು ಸಲ ಓದಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕರೆಂಟ್ ಆಡುವ ಆಟಕ್ಕೆ ಯುಪಿಎಸ್ ಈಗಲೂ ಬೇಕು.

ಬರೆದಂತೆಲ್ಲ ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದಂತಲ್ಲ ಎಂದು ಹಲವರು ಕೇಳುತ್ತಾರೆ. 240 ಜಿಬಿಯ ಸಾಧಾರಣ ಎಸ್‌ಎಸ್‌ಡಿಯ ಮೇಲೆ 80 ಟಿಬಿ (80,000 ಜಿಬಿ) ಬರೆಯಬಹುದೆಂದು ಕಂಪನಿಯೇ ಹೇಳುವುದುಂಟು. ದಿನಕ್ಕೆ 20 ಜಿಬಿ ಬರೆದರೂ ಹತ್ತು ವರ್ಷ ದಾಟುತ್ತದೆ. ಲೆಕ್ಕಪತ್ರ, ಪತ್ರ ಟೈಪಿಂಗ್ ಮಾಡುವವರು ಅಷ್ಟು ಬರೆಯುವುದೇ ಇಲ್ಲ.

ಎಸ್‌ಎಸ್‌ಡಿ ಹಾಕಿದ್ದಕ್ಕೇ ಹಳೇ ಯಂತ್ರಕ್ಕೆ ವಿಂಡೋಸ್ 11ರ ಅರ್ಹತೆ ಬರುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ (ಭದ್ರತಾ ಅಪ್‌ಡೇಟ್ ಸಹಿತ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಸಿಸ್ಟಂನಲ್ಲಿ ನೆಟ್ ಬ್ಯಾಂಕಿಂಗ್ ಮಾಡುವವರಿದ್ದರೆ ಮೊದಲು ಮಾತಾಡೋಣ, ಆಮೇಲೆ ಖರ್ಚು. ‘ಇದಕ್ಕೆ ದುಡ್ಡು ಹಾಕಬೇಡಿ’ ಎಂದು ನಾವೇ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಬರುವಾಗ ಚಾರ್ಜರ್ ಮತ್ತು ಪಾಸ್‌ವರ್ಡ್ ಮರೆಯಬೇಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬೇಕು; ಅದು ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಡಿಸ್ಕ್ ಗಟ್ಟಿಯಿದ್ದರೆ ಇದ್ದದ್ದು ಇದ್ದ ಹಾಗೇ ಕ್ಲೋನ್ ಮಾಡುತ್ತೇವೆ, ನುಡಿ ಫಾಂಟೂ ಹೋಗುವುದಿಲ್ಲ. ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಇಟ್ಟವರು ಮೊದಲೇ ತಿಳಿಸಿ, ಹೊಸದಾಗಿ ವಿಂಡೋಸ್ ಹಾಕುವುದಾದರೆ ಮುಂಚೆಯೇ ಅದರ ಲೈಸೆನ್ಸ್ ಸರೆಂಡರ್ ಮಾಡಬೇಕಾಗುತ್ತದೆ (ಹಳೇ ವಿಂಡೋಸಿನಿಂದ ಬಿಡಿಸಿಕೊಳ್ಳುವುದು).

ಆನ್‌ಲೈನಿನಲ್ಲಿ ನೀವೇ ಕೊಂಡು ತಂದದ್ದನ್ನೂ ಹಾಕಿಕೊಡುತ್ತೇವೆ, ಕೂಲಿ ಅಷ್ಟೇ. ಆದರೆ ಕೊಳ್ಳುವ ಮೊದಲು ಒಂದು ಫೋನ್ ಮಾಡಿ. ಎಂ.2 (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ) ಎಂದು ಬರೆದಿದ್ದರಲ್ಲೂ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆಯಿದೆ, ನಿಮ್ಮ ಬೋರ್ಡಿಗೆ ಯಾವುದು ಹಿಡಿಸುತ್ತದೆಂದು ಮಾಡೆಲ್ ನಂಬರ್ ನೋಡಿ ಹೇಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಎಲ್ಲರ ಪರವಾಗಿ