ಹಣ ಪಾವತಿಸುವ ಪುಟದ ಗೊಂದಲದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಆ್ಯಪ್‌ನ ಚೆಕ್‌ಔಟ್ ಪುಟ ಸರಿಪಡಿಸುವುದು ಹಾಗೂ ವಿಮೆಯ ಹಣ ಮರುಪಾವತಿ

ಮಾನ್ಯರೇ,

ನಿಮ್ಮ ಆ್ಯಪ್‌ನಲ್ಲಿ ವಸ್ತು ಹುಡುಕುವುದು, ಕಾರ್ಟ್‌ಗೆ ಹಾಕುವುದು ಎಲ್ಲ ಸಲೀಸು. ತೊಡಕೆಲ್ಲ ದುಡ್ಡು ಕೊಡುವ ಹಂತದಲ್ಲಿದೆ.

ವಿಳಾಸದ ಪುಟದಲ್ಲಿ ‘ಮುಂದುವರಿಯಿರಿ’ ಒತ್ತಿದರೆ ಮುಂದಿನ ಪುಟ ಬರುತ್ತದೆ. ಡೆಲಿವರಿ ದಿನ ಆರಿಸುವಲ್ಲೂ ಹಾಗೆಯೇ. ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿರುವ ಅದೇ ‘ಮುಂದುವರಿಯಿರಿ’ ಕೊನೆಯ ಪುಟದಲ್ಲಿ ಮಾತ್ರ ಸೇವ್ ಆಗಿರುವ ಕಾರ್ಡ್‌ನಿಂದ ನೇರವಾಗಿ ಹಣ ಕಡಿತ ಮಾಡುತ್ತದೆ. ಒಟ್ಟು ಮೊತ್ತ ಈಗ ಕಾಣುತ್ತದೆ ಎಂದು ಕಾದವಳಿಗೆ ಬಂದದ್ದು ಆರ್ಡರ್ ಖಚಿತವಾದ ಸಂದೇಶ. ಅದರಲ್ಲಿ ನಾನು ಕೇಳದ ವಿಮೆಯೂ ಸೇರಿತ್ತು. ಅದರ ಚೌಕಕ್ಕೆ ನೀವೇ ಮೊದಲು ಟಿಕ್ ಹಾಕಿ, ‘ಹೆಚ್ಚಿನ ವಿವರ’ದ ಒಳಗೆ ಮಡಚಿಟ್ಟಿದ್ದೀರಿ. ಇದು ಅಚಾತುರ್ಯ ಎಂದು ನಂಬಲು ನನಗೆ ಕಷ್ಟವಾಗುತ್ತಿದೆ.

ಕೂಡಲೇ ರದ್ದು ಮಾಡಹೋದೆ. ‘ಆರ್ಡರ್ ರದ್ದು ಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ರದ್ದು’, ‘ಸರಿ’ ಎಂಬ ಎರಡು ಬಟನ್. ರದ್ದಾಗುವುದು ಆರ್ಡರೋ, ಪ್ರಶ್ನೆಯೋ? ‘ರದ್ದು’ ಒತ್ತಿದಾಗ ಪ್ರಶ್ನೆ ಮಾಯವಾಯಿತು, ಆರ್ಡರ್ ಹಾಗೇ ಉಳಿಯಿತು. ಮತ್ತೆ ಪ್ರಯತ್ನಿಸುವಷ್ಟರಲ್ಲಿ ಗಡುವು ಮುಗಿದಿತ್ತು.

ಕಣ್ಣು ಮಂದವಾದ ಹಿರಿಯರು ಈ ಪುಟದಲ್ಲಿ ಏನು ಮಾಡಬೇಕು? ವಾಪಸಾತಿಯ ನಿಯಮವನ್ನು ಬಿಳಿಯ ಮೇಲೆ ತೆಳು ಬೂದು ಅಕ್ಷರದಲ್ಲಿ ಬರೆದಿದ್ದೀರಿ. ಜಾಲತಾಣಗಳ ಸುಗಮ ಬಳಕೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿಯ ಎಎ ಎಂಬ ಮಧ್ಯಮ ಹಂತದಲ್ಲಿ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕು. ಹಣದ ವ್ಯವಹಾರವಿರುವ ಪುಟದಲ್ಲಿ ಕೊಟ್ಟ ಆದೇಶ ಹಿಂಪಡೆಯುವ, ಇಲ್ಲವೇ ತಪ್ಪು ತೋರಿಸಿ ತಿದ್ದಿಸುವ, ಅದೂ ಇಲ್ಲದಿದ್ದರೆ ಕೊನೆಗೊಮ್ಮೆ ಪರಿಶೀಲಿಸಿ ಒಪ್ಪುವ ಅವಕಾಶವನ್ನೂ ಅದು ಕೇಳುತ್ತದೆ. ನಿಮ್ಮಲ್ಲಿ ಹಿಂಪಡೆಯುವ ದಾರಿಯೇ ದಾರಿ ತಪ್ಪಿಸುತ್ತದೆ.

‘ಬಟನ್ ಒತ್ತಿದ್ದು ನೀವೇ ಅಲ್ಲವೇ’ ಎಂದು ನಿಮ್ಮ ಪ್ರತಿನಿಧಿ ಹೇಳಿದ್ದು ಹಣ ಹೋದದ್ದಕ್ಕಿಂತ ಹೆಚ್ಚು ನೋವು ತಂದಿದೆ. ಏನಾಗುತ್ತದೆಂದು ತಿಳಿಸದ ಬಟನ್ ಒತ್ತಿದ್ದನ್ನು ನನ್ನ ಒಪ್ಪಿಗೆ ಎನ್ನಲಾಗದು.

ವಿಮೆಯ ಹಣ ಹಿಂದಿರುಗಿಸಿ. ಕೊನೆಯ ಬಟನ್ ಮೇಲೆ ‘ಹಣ ಪಾವತಿಸಿ’ ಎಂದು ಒಟ್ಟು ಮೊತ್ತದ ಸಮೇತ ಬರೆಯಿರಿ, ವಿಮೆಯ ಟಿಕ್ ತೆಗೆಯಿರಿ. ರದ್ದತಿಯ ಪ್ರಶ್ನೆಗೆ ‘ಆರ್ಡರ್ ರದ್ದುಮಾಡಿ’, ‘ಆರ್ಡರ್ ಇರಲಿ’ ಎಂಬ ನೇರ ಉತ್ತರಗಳಿದ್ದರೆ ಸಾಕು. ಇವನ್ನು ಎಂದಿನೊಳಗೆ ಮಾಡುತ್ತೀರಿ ಎಂಬುದನ್ನು ಲಿಖಿತವಾಗಿ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕಿ