ಮಗಳಿಗೊಂದು ಪತ್ರ: ಹದಿನೈದನೆಯ ಗುಳಿ

ಕೂಸೇ,

ಶಿರಸಿಯಲ್ಲಿ ನಿನ್ನನ್ನು ಬೆಂಗಳೂರಿನ ಬಸ್ಸು ಹತ್ತಿಸಿ ಮನೆ ಮುಟ್ಟುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಮಳೆ ಬಿಟ್ಟಿಲ್ಲ. ಹೊಳವಾದ ಕೂಡಲೇ ಎರಡನೇ ಸಲ ಮದ್ದು ಹೊಡೆಸಬೇಕು. ಅಡಿಕೆ ತೋಟದ ಕೆಳಗಿನ ಸಾಲಿನಲ್ಲಿ ಆಗಲೇ ಕೊಳೆರೋಗ ಕಾಣಿಸಿದೆ. ಇಲ್ಲದಿದ್ದರೆ ಹಾಸ್ಟೆಲ್ಲಿನ ಬಾಗಿಲ ತನಕ ನಾನೇ ಬರುತ್ತಿದ್ದೆ.

ಮೊನ್ನೆ ಜಗುಲಿಯಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಕಂಪ್ಯೂಟರ್ ಆಟ ಕಟ್ಟುವ ನಿನ್ನ ಓದಿಗೆ ನಾನಂದ ಒಂದು ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ: ಜೂಜು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದ್ದನ್ನು ಪೇಪರಿನಲ್ಲಿ ಓದಿದ್ದೆ. ಆಟವೆಂದರೆ ಎಲ್ಲವೂ ಅದೇ ಎಂದುಕೊಂಡುಬಿಟ್ಟೆ.

ನೀನು ಮೇಜಿನ ಮೇಲೆ ಬಿಟ್ಟುಹೋದ ಪಠ್ಯಕ್ರಮದ ಹಾಳೆಯನ್ನು ಈಗ ಓದಿದೆ. ಪ್ರೋಗ್ರಾಮಿಂಗ್, ಗಣಿತ, ಚಿತ್ರ, ಶಬ್ದ, ಕಥೆ. ನಡುವೆ 'ಆಟದ ಸಮತೋಲನ' ಎಂಬ ಪಾಠ. ಗೆದ್ದವನೇ ಗೆಲ್ಲುತ್ತ ಹೋದರೆ ಹಿಂದೆ ಬಿದ್ದವನು ಆಟ ಬಿಟ್ಟು ಏಳುತ್ತಾನೆ, ಅವನಿಗೂ ದಾರಿ ಉಳಿಸಬೇಕು ಎಂದು ಅದರ ವಿವರಣೆ. ಅಲ್ಲಿಂದ ಮುಂದೆ ಓದಲಾಗಲಿಲ್ಲ.

ನಿನಗಾಗ ಎಂಟು ವರ್ಷ. ಮೂರು ದಿನದಿಂದ ಕರೆಂಟಿರಲಿಲ್ಲ. ಅಮ್ಮಮ್ಮನ ಅಳಗುಳಿಮಣೆ, ಹಲಸಿನ ಮರದ್ದು, ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ಐದರಂತೆ 70 ಹುಣಸೆಬೀಜ. ಅದರ ನಟ್ಟನಡುವೆ ನೀನು ನನ್ನ ಉಳಿಯಿಂದ ಇನ್ನೊಂದು ಗುಳಿ ಕೊರೆದಿದ್ದೆ. ಮಣೆಯ ಅಂಚು ಸೀಳಿತ್ತು. ನಿನ್ನ ಹೆಬ್ಬೆರಳಿನಿಂದ ರಕ್ತ ಸುರಿಯುತ್ತಿತ್ತು. ನನಗೆ ಕಂಡದ್ದು ಸೀಳಿದ ಮಣೆ. ಹೊಡೆದೆ.

ಅಳುತ್ತಲೇ ನೀನು ಹೇಳಿದೆ: "ಅಮ್ಮಮ್ಮ ಒಂದು ಸಲ ಸೋತರೆ ಅವಳ ಗುಳಿ ತುಂಬುವುದಿಲ್ಲ. ತುಂಬದ ಗುಳಿ ಮುಂದಿನ ಆಟಕ್ಕೆ ಸಿಗುವುದಿಲ್ಲ. ಮತ್ತೆ ಸೋಲುತ್ತಾಳೆ. ಇದು ಸಾಲದ ಗುಳಿ ಅಪ್ಪಯ್ಯಾ, ಸೋತವರು ಇದರಿಂದ..." ಅಷ್ಟಕ್ಕೆ ನಾನು ಇನ್ನೊಮ್ಮೆ ಕೈ ಎತ್ತಿದೆ. ಬೆರಳಿಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದವಳು ಅಮ್ಮಮ್ಮ. ನಾನು ಕಟ್ಟಬೇಕಿತ್ತು. ಆಮೇಲೆ ನೀನು ಆ ಮಣೆಯನ್ನು ಮುಟ್ಟಲೇ ಇಲ್ಲ.

ಗಣಿತವನ್ನು ಕಡೆಗಣಿಸಬೇಡ. ವೆಕ್ಟರ್, ಮ್ಯಾಟ್ರಿಕ್ಸ್ ಪರೀಕ್ಷೆ ಮುಗಿದ ಮೇಲೂ ಕೈಯಲ್ಲಿ ಉಳಿಯಬೇಕು. ಆಟ ಕಟ್ಟುವ ತಂತ್ರಾಂಶ ಯೂನಿಟಿ ಬಂತೆಂದು ಅಷ್ಟಕ್ಕೇ ನಿಲ್ಲದೆ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಕಲಿ. ದೊಡ್ಡ ಆಟವನ್ನು ಅರ್ಧಕ್ಕೆ ಬಿಡುವ ಬದಲು ಚಿಕ್ಕದೊಂದನ್ನು ಪೂರ್ತಿ ಮುಗಿಸು. ಆಟದ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರ ಮೂಡಬೇಕೆಂದರೆ ಒಂದೊಂದಕ್ಕೂ ಸಿಗುವುದು 16 ಮಿಲಿಸೆಕೆಂಡು ಚಿಲ್ಲರೆ ಎಂದು ನೀನೇ ಹೇಳಿದ್ದೆ. ನಿನ್ನ ನಿದ್ದೆಗೆ ಆ ಲೆಕ್ಕ ಹಚ್ಚಬೇಡ. ಆಟ ಬಿಡುಗಡೆಯಾಗುವ ಮುಂಚೆ ಹಗಲು ರಾತ್ರಿ ದುಡಿಸುವ ಕಂಪನಿಗಳಿವೆ. 2023, 2024ರಲ್ಲಿ ಜಗತ್ತಿನಾದ್ಯಂತ ಈ ಉದ್ಯಮದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಇದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿನಗೂ ಹಾಗಾದರೆ ಮನೆಗೆ ಬಾ, ಮುಚ್ಚಿಡಬೇಡ.

ಊರಿನಲ್ಲಿ ಯಾರೇ ಕೇಳಿದರೂ "ಕಂಪ್ಯೂಟರ್ ಓದುತ್ತಾಳೆ" ಎಂದು ಇನ್ನು ಮಾತು ತೇಲಿಸುವುದಿಲ್ಲ. ಆಟ ಕಟ್ಟುವುದನ್ನು ಕಲಿಯುತ್ತಿದ್ದಾಳೆ ಎನ್ನುತ್ತೇನೆ.

ನಿನ್ನ ಆಯಿಗೂ, ಹೆತ್ತವಳಲ್ಲವೇ, ನಿದ್ದೆ ಬರಲಿಲ್ಲ. ಅಟ್ಟದಿಂದ ಮಣೆ ಇಳಿಸಿ ಇಬ್ಬರೂ ಕೂತೆವು. ಮೊದಲ ಆಟ ನಾನು ಸೋತೆ, ಎರಡು ಗುಳಿ ತುಂಬಲಿಲ್ಲ. ನಡುವಿನ ಗುಳಿಗೆ ಹತ್ತು ಬೀಜ ಹಾಕಿದೆವು. ಆದರೆ ಒಂದು ಸಲಕ್ಕೆ ಎಷ್ಟು ಸಾಲ ತೆಗೆಯಬಹುದು, ಯಾವಾಗ ತೀರಿಸಬೇಕು ಎಂಬುದು ಇಬ್ಬರಿಗೂ ಗೊತ್ತಾಗಲಿಲ್ಲ. ಮಣೆ ಜಗುಲಿಯಲ್ಲಿ ಹಾಗೆಯೇ ಇದೆ. ಅಂದು ನೀನು ಹೇಳಹೊರಟದ್ದನ್ನು ಪೂರ್ತಿ ಬರೆದು ಕಳಿಸು.

ನಿನ್ನ ಅಪ್ಪಯ್ಯ